ಬೋರ್ಡು ಏಳುವ ಜಾಗ

ಬಲಸಮುದ್ರ, ತಿರುಮಣಿ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು. ಪಾವಗಡ ತಾಲ್ಲೂಕಿನ ಈ ಐದು ಊರುಗಳ ಸುಮಾರು 13,000 ಎಕರೆ ಜಮೀನಿನಲ್ಲಿ ಈಗ ಕಡಲೆಕಾಯಿ ಗಿಡಕ್ಕಿಂತ ಸೌರ ಫಲಕಗಳೇ ಹೆಚ್ಚು. ಮಳೆ ಕೈಕೊಟ್ಟು ಕೈಕೊಟ್ಟು ಬೇಸತ್ತ ಸೀಮೆಯಲ್ಲಿ ಬಿಸಿಲನ್ನೇ ಬೆಳೆ ಮಾಡಿಕೊಳ್ಳುವ ಯೋಜನೆ ಅದು. 2018ರ ಮಾರ್ಚ್ 1ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. 2019ರ ಕೊನೆಯ ಹೊತ್ತಿಗೆ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್ ಮುಟ್ಟಿತು.

ನೋಡಲು ಬಂದವರು ಫಲಕಗಳ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಫಲಕಕ್ಕೆ ಗೊತ್ತಿರುವ ಕೆಲಸ ಒಂದೇ: ಬಿಸಿಲು ಬಿದ್ದರೆ ಡಿಸಿ ಕರೆಂಟು ಕೊಡುವುದು. ಆ ಕರೆಂಟನ್ನು ಎಸಿ ಮಾಡುವ ಇನ್ವರ್ಟರ್, ಸಾಲುಸಾಲಿನ ಫಲಕಗಳ ಲೆಕ್ಕ ನೋಡುವ ಪೆಟ್ಟಿಗೆ, ಗಾಳಿ–ಬಿಸಿಲು ಅಳೆಯುವ ಉಪಕರಣ, ಇವೆಲ್ಲದರ ಮಾಹಿತಿಯನ್ನು ಕಂಟ್ರೋಲ್ ರೂಮಿಗೆ ದಾಟಿಸುವ ಗೇಟ್‌ವೇ. ಬುದ್ಧಿ ಇರುವುದು ಇವುಗಳಲ್ಲಿ. ಇಂಥ ಪೆಟ್ಟಿಗೆ ಬಿಚ್ಚಿದರೆ ಒಳಗೆ ಅಂಗೈಯಗಲದ ಸರ್ಕ್ಯೂಟ್ ಬೋರ್ಡು, ಅದರ ಮೇಲೊಂದು ಪ್ರೊಸೆಸರ್, ಪಕ್ಕದಲ್ಲಿ ಫ್ಲ್ಯಾಶ್ ಮೆಮೊರಿ. ಕರೆಂಟು ಹೋಗಿ ಬಂದಾಗಲೆಲ್ಲ ಬೋರ್ಡು ತಾನಾಗಿಯೇ ಏಳಬೇಕು. ಬಿಸಿಲಲ್ಲಿ ಎರಡು ಮೈಲಿ ನಡೆದು ಹೋಗಿ ಬಟನ್ ಒತ್ತುವವರು ಅಲ್ಲಿ ಯಾರೂ ಇಲ್ಲ.

ಎದ್ದ ಕೂಡಲೇ ಪ್ರೊಸೆಸರ್ ಕೇಳುವ ಪ್ರಶ್ನೆ ಒಂದೇ: ಮೊದಲ ಪ್ರೋಗ್ರಾಂ ಎಲ್ಲಿದೆ? ಉತ್ತರವೂ ಒಂದೇ, ಅದು ಒಂದು ಅಂಕಿ. ಫ್ಲ್ಯಾಶಿನ ಅಥವಾ ಎಸ್‌ಡಿ ಕಾರ್ಡಿನ ಆರಂಭದಿಂದ ಇಷ್ಟು ಬೈಟು ಬಿಟ್ಟು ನೋಡು ಎಂದು ಹೇಳುವ ಅಂಕಿ. ಕಸುಬಿನವರು ಇದನ್ನು ಆಫ್‌ಸೆಟ್ ಎನ್ನುತ್ತಾರೆ. ಆ ಜಾಗದಲ್ಲಿ ಕೂರುವ ಪುಟ್ಟ ಪ್ರೋಗ್ರಾಮೇ ಬೂಟ್‌ಲೋಡರ್. ಅಂಕಿ ಸರಿಯಿದ್ದರೆ ಯಾರಿಗೂ ಅದರ ನೆನಪೇ ಬರುವುದಿಲ್ಲ, ತಪ್ಪಿದರೆ ಸಾವಿರಾರು ರೂಪಾಯಿಯ ಬೋರ್ಡು ತಗಡಿನ ತುಂಡು.

ಈ ಅಂಕಿಗಳನ್ನು ಯಾರೋ ಕೂತು ಯೋಚಿಸಿ, ಎಲ್ಲರಿಗೂ ಅನುಕೂಲವಾಗಲಿ ಎಂದು ಇಟ್ಟಿದ್ದಲ್ಲ. ಅಂದಂದಿನ ಮೆಮೊರಿಯ ಬಡತನ, ಚಿಪ್ ತಯಾರಕರ ಆತುರ, ಹಳೆಯ ಡಿಸ್ಕುಗಳ ಚಾಳಿ ಎಲ್ಲ ಸೇರಿ ಉಳಿಸಿಹೋದ ಗುರುತುಗಳು ಅವು. ಒಮ್ಮೆ ಸಿಲಿಕಾನಿನಲ್ಲಿ ಕೊರೆದರೆ ಅಂಕಿ ಜಗ್ಗುವುದಿಲ್ಲ, ಉಳಿದವರೆಲ್ಲ ಅದರ ಸುತ್ತ ಜರುಗಿ ಕೂರಬೇಕು.

ಹಿಂದಿನಿಂದ ಬರೋಣ. 1965ರಲ್ಲಿ ಅಮೆರಿಕದ ಡಿಇಸಿ ಕಂಪನಿ ತಂದ ಪಿಡಿಪಿ-8 ಯಂತ್ರದಲ್ಲಿ ಮೂಲತಃ ಇದ್ದದ್ದು 4,096 ಪದಗಳ ಮೆಮೊರಿ. ಯಂತ್ರ ಹಚ್ಚಿದವನು ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಹದಿನೈದಿಪ್ಪತ್ತು ಆದೇಶಗಳ ಒಂದು ಲೋಡರನ್ನು ಕೈಯಿಂದಲೇ ತುಂಬಬೇಕಿತ್ತು. ಅದು ಪಂಚ್ ಟೇಪಿನಿಂದ ದೊಡ್ಡ ಪ್ರೋಗ್ರಾಮನ್ನು ಓದಿಕೊಳ್ಳುತ್ತಿತ್ತು. ಲೋಡರ್ ಶುರುವಾಗುತ್ತಿದ್ದುದು ಆಕ್ಟಲ್ 7756ನೇ ವಿಳಾಸದಿಂದ. ಮೆಮೊರಿ ಮುಗಿಯುವುದು 7777ಕ್ಕೆ. ಅಂದರೆ ತೀರಾ ಕೊನೆಯ ಮೂಲೆ. ಬರುವ ಪ್ರೋಗ್ರಾಂ ಮೊದಲಿನಿಂದ ಜಾಗ ತುಂಬಿಕೊಂಡು ಬಂದರೂ ಲೋಡರನ್ನು ತುಳಿಯಬಾರದು, ಲೆಕ್ಕಾಚಾರ ಇಷ್ಟೇ.

1981ರ ಐಬಿಎಂ ಪಿಸಿಯೂ ಇದೇ ಲೆಕ್ಕ ಹಾಕಿತು. ಅದು ಡಿಸ್ಕಿನ ಮೊದಲ 512 ಬೈಟುಗಳನ್ನು ಓದಿ ಮೆಮೊರಿಯ ಹೆಕ್ಸ್ 7ಸಿ00 ಎಂಬ ವಿಳಾಸದಲ್ಲಿ ಇಡುತ್ತಿತ್ತು. ವಿಚಿತ್ರವಾಗಿ ಕಾಣುವ ಈ ಅಂಕಿ ಏನೆಂದರೆ 32 ಕೆಬಿಯಿಂದ 1 ಕೆಬಿ ಕಳೆದರೆ ಉಳಿಯುವ 31,744. ಡಾಸ್ ಓಡಲು ಕನಿಷ್ಠ 32 ಕೆಬಿ ಮೆಮೊರಿ ಇರುತ್ತದೆ ಎಂದು ಅಂದಿನ ಎಂಜಿನಿಯರುಗಳು ಅಂದುಕೊಂಡು, ಅದರ ಕೊನೆಯ ಒಂದು ಕೆಬಿಯನ್ನು ಬೂಟ್ ಪ್ರೋಗ್ರಾಮಿಗೆ ಬಿಟ್ಟುಕೊಟ್ಟರು. 32 ಕೆಬಿ ಹೋಗಿ 32 ಜಿಬಿ ಬಂದಿದೆ. ಹಳೆಯ ಬಯೋಸ್ ರೀತಿಯಲ್ಲಿ ಏಳುವ ಪಿಸಿ ಇಂದಿಗೂ ಅದೇ 7ಸಿ00ಕ್ಕೆ ಹೋಗುತ್ತದೆ.

ಕರ್ನಾಟಕದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಪಾಠ ಸಿಕ್ಕಿದ್ದು ಮೈಕ್ರೊಪ್ರೊಸೆಸರ್ ಲ್ಯಾಬಿನಲ್ಲಿ. 1963ರಲ್ಲಿ ಶುರುವಾದ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವೂ ಸೇರಿದಂತೆ ರಾಜ್ಯದ ಎಲೆಕ್ಟ್ರಾನಿಕ್ಸ್ ವಿಭಾಗಗಳಿಗೆಲ್ಲ 8085 ಎಂಬುದು ಪಠ್ಯದ ಖಾಯಂ ಅತಿಥಿಯಾಗಿತ್ತು. ಬೆಂಗಳೂರಿನಲ್ಲೇ ತಯಾರಾದ ಇಎಸ್‌ಎ ಕಿಟ್‌ಗಳ ಮೇಲೆ ಬೆರಳಾಡಿಸಿದ ಒಂದು ತಲೆಮಾರೇ ಇದೆ. 8085 ಎದ್ದ ಕೂಡಲೇ ನೋಡುವುದು ಸೊನ್ನೆಯ ವಿಳಾಸ. ಹಾಗಾಗಿ ಕಿಟ್ಟಿನ ಮಾನಿಟರ್ ಪ್ರೋಗ್ರಾಂ ಅಲ್ಲಿ ಕೂತಿರುತ್ತಿತ್ತು, ವಿದ್ಯಾರ್ಥಿಯ ಪ್ರೋಗ್ರಾಮಿಗೆ ಮೇಲಿನ ಜಾಗ. 8086 ಬಂದಾಗ ಲೆಕ್ಕ ತಲೆಕೆಳಗು: ಅದು ಏಳುವುದು 1 ಎಂಬಿಯ ತುದಿಗೆ 16 ಬೈಟು ಇರುವಾಗ. 6502 ಇನ್ನೊಂದು ಬಗೆ. ಅದು ಎಫ್‌ಎಫ್‌ಎಫ್‌ಸಿ ಎಂಬಲ್ಲಿ ಬರೆದಿಟ್ಟ ವಿಳಾಸವನ್ನು ಓದಿ ಅಲ್ಲಿಗೆ ಹೋಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದ ಈ ಅಂಕಿಗಳು ಕಾರಣ ಗೊತ್ತಿಲ್ಲದೆಯೇ ಮರೆತುಹೋದವು. ಕಾರಣ ಹೇಳಿದ ಮೇಷ್ಟ್ರುಗಳೂ ಕಡಿಮೆ ಇದ್ದರು ಎನ್ನಬೇಕು.

ಆಗ ಪ್ರೋಗ್ರಾಂ ಇರುತ್ತಿದ್ದುದು ಇಪ್ರಾಮಿನಲ್ಲಿ. ಬೆನ್ನ ಮೇಲೆ ಗಾಜಿನ ಕಿಟಕಿ ಇರುವ ಚಿಪ್. ಅಳಿಸಬೇಕೆಂದರೆ ಆ ಕಿಟಕಿಗೆ ನೇರಳಾತೀತ ಬೆಳಕು ಹಿಡಿಯಬೇಕು, ಹತ್ತಿಪ್ಪತ್ತು ನಿಮಿಷ ಕಾಯಬೇಕು, ಮತ್ತೆ ಬರ್ನ್ ಮಾಡಬೇಕು, ಕಿಟಕಿಗೆ ಸ್ಟಿಕ್ಕರ್ ಅಂಟಿಸಬೇಕು. ಆ ಸ್ಟಿಕ್ಕರ್ ಮೇಲೆ ಪೆನ್ನಿನಲ್ಲಿ ಆವೃತ್ತಿ, ತಾರೀಕು ಬರೆಯುವುದು ರೂಢಿ. ಒಂದು ಚಿಪ್, ಒಂದು ಪ್ರೋಗ್ರಾಂ, ಆರಂಭದ ಜಾಗ ಒಂದೇ. ಗೊಂದಲಕ್ಕೆ ಆಸ್ಪದವೇ ಇರಲಿಲ್ಲ.

ಬೋರ್ಡು ಹಳ್ಳಿಗೆ ಹೋದದ್ದು ಟೆಲಿಫೋನಿನ ಬೆನ್ನೇರಿ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ದೆಹಲಿ, ಬೆಂಗಳೂರುಗಳಲ್ಲಿ ಕೂತು 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜೊಂದನ್ನು ರೂಪಿಸಿತು. 1986ರ ಜುಲೈನಲ್ಲಿ ಅದರ ಮೊದಲ ಎಕ್ಸ್‌ಚೇಂಜ್ ಕೆಲಸ ಶುರುಮಾಡಿದ್ದು ಬೇರೆಲ್ಲೂ ಅಲ್ಲ, ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡ, ಧೂಳು–ಸೆಕೆ ತಡೆಯಬೇಕು, ಕರೆಂಟು ಬಂದು ಹೋಗುವ ಊರಲ್ಲಿ ನಿಲ್ಲಬೇಕು ಎಂಬುದು ಅದರ ವಿನ್ಯಾಸದ ಷರತ್ತು. ಪಟ್ಟಣದ ಎಕ್ಸ್‌ಚೇಂಜಿನ ತಂಪು ಕೋಣೆಯಲ್ಲಿ ಬೆಳೆದ ಯಂತ್ರಗಳಿಗೆ ಇಂಥ ಷರತ್ತು ಇರಲಿಲ್ಲ. ಮನುಷ್ಯರಿಲ್ಲದ ಜಾಗದಲ್ಲಿ ಯಂತ್ರ ತಾನೇ ಏಳಬೇಕು ಎಂಬ ನಿರೀಕ್ಷೆ ಈ ನೆಲಕ್ಕೆ ಬಂದದ್ದು ಹೀಗೆ.

ಇದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆದಿತ್ತು. ಆರಂಭದ ಜಾಗವಷ್ಟೇ ಏಕೆ, ಪ್ರೋಗ್ರಾಮೂ ಬದಲಾಗಬಾರದು ಎನ್ನುವ ದಾರಿ. 1982ರಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಸಲ ವಿದ್ಯುನ್ಮಾನ ಮತಯಂತ್ರ ಬಳಕೆಯಾಯಿತು. ಮುಂದೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್ ಈ ಯಂತ್ರಗಳ ತಯಾರಿಕೆಯನ್ನು ಹಂಚಿಕೊಂಡವು. ಮತಯಂತ್ರದ ಮೈಕ್ರೊಕಂಟ್ರೋಲರಿಗೆ ಪ್ರೋಗ್ರಾಮನ್ನು ಒಮ್ಮೆ ಮಾತ್ರ ಬರೆಯಬಹುದು. ಮರುಬರೆಯಲು ಅವಕಾಶವಿಲ್ಲ ಎಂಬುದೇ ಅದರ ಭದ್ರತೆಯ ವಾದ. ಸೌರ ಪಾರ್ಕಿನ ಗೇಟ್‌ವೇಗೆ ಈ ವಾದ ಒಗ್ಗುವುದಿಲ್ಲ, ಅದರ ಸಾಫ್ಟ್‌ವೇರಿನಲ್ಲಿ ದೋಷ ಸಿಕ್ಕರೆ ತಿದ್ದಲೇಬೇಕು. ತಿದ್ದುವ ಸ್ವಾತಂತ್ರ್ಯ ಸಿಕ್ಕಿದ್ದು ಫ್ಲ್ಯಾಶ್ ಮೆಮೊರಿಯಿಂದ. ತಪ್ಪು ಜಾಗದಲ್ಲಿ ಬರೆಯುವ ಸ್ವಾತಂತ್ರ್ಯವೂ ಅದರ ಜೊತೆಗೇ ಬಂತು.

ಕರ್ನಾಟಕ ಈ ಹೊಸ ಕಾಲಕ್ಕೆ ಕಾಲಿಟ್ಟ ಗುರುತು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರಿನ ವಿನಯ್ ದೇಶಪಾಂಡೆ ಮೊದಲಾದವರು ಸೇರಿ ಕಟ್ಟಿದ ಸಿಂಪ್ಯೂಟರ್ ಟ್ರಸ್ಟ್, 2001ರ ಏಪ್ರಿಲ್‌ನಲ್ಲಿ ಈ ಕೈಗಣಕವನ್ನು ಜನರ ಮುಂದಿಟ್ಟಿತು. ಒಳಗಿದ್ದದ್ದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಪ್ರೊಸೆಸರ್ ಮತ್ತು ಲಿನಕ್ಸ್. ಓದುಬರಹ ಬಾರದವರೂ ಸ್ಮಾರ್ಟ್ ಕಾರ್ಡ್ ತೂರಿಸಿ, ಮಾತು ಕೇಳಿಸಿಕೊಂಡು ಬಳಸಬೇಕೆಂಬ ಆಸೆ. ಕರ್ನಾಟಕ ಸರ್ಕಾರ ಭೂದಾಖಲೆ ಸಂಗ್ರಹಕ್ಕೆ ಇದನ್ನು ಬಳಸಿತು. 2004ರಲ್ಲಿ ಪಿಕೊಪೆಟಾ ಕಂಪನಿ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟವು. ಹೆಚ್ಚು ಮಾರಾಟವಾಗಲಿಲ್ಲ. ಪತ್ರಿಕೆಗಳು ಅದನ್ನು ಸೋತ ಕನಸು ಎಂದು ಬರೆದು ಮುಗಿಸಿದವು.

ಹಾಗೆ ಮುಗಿಸುವುದು ಅನ್ಯಾಯ. ಸಾಮಾನ್ಯರ ಕೈಗೆ ಹೋಗುವ ಒಂದು ಉಪಕರಣದ ಚಿಪ್, ಬೋರ್ಡು, ಲಿನಕ್ಸ್ ಮೂರನ್ನೂ ಬೆಂಗಳೂರಿನಲ್ಲೇ ಕೂಡಿಸಿ ಎಬ್ಬಿಸಿ ನಿಲ್ಲಿಸಿದ ಕೆಲಸ ಅದು. ಎಸ್‌ಎ-1110 ಎದ್ದ ಕೂಡಲೇ ಸೊನ್ನೆಯ ವಿಳಾಸದಿಂದಲೇ ಆದೇಶ ಓದುತ್ತದೆ. ಆ ವಿಳಾಸಕ್ಕೆ ನಾರ್ ಫ್ಲ್ಯಾಶನ್ನು ನೇರ ಜೋಡಿಸಿದರೆ ಸಾಕು, ಪ್ರೋಗ್ರಾಂ ಅಲ್ಲಿಂದಲೇ ಓಡುತ್ತದೆ. ಹೀಗೆ ಕೆಲವೇ ಮೆಗಾಬೈಟಿನ ಫ್ಲ್ಯಾಶನ್ನು ತುಂಡು ಮಾಡಿ ಮೊದಲ ತುಂಡು ಬೂಟ್‌ಲೋಡರಿಗೆ, ಮುಂದಿನದು ಲಿನಕ್ಸಿನ ತಿರುಳಾದ ಕರ್ನಲ್ಲಿಗೆ, ಉಳಿದದ್ದು ಫೈಲುಗಳಿಗೆ ಎಂದು ಹಂಚುವುದು ಆ ಕಾಲದ ಬೋರ್ಡುಗಳ ಕ್ರಮ. ಯಾವ ತುಂಡು ಎಲ್ಲಿಂದ ಎಲ್ಲಿಯವರೆಗೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಪಟ್ಟಿ ಇರಲಿಲ್ಲ. ಪ್ರತಿ ಕಂಪನಿಗೂ ತನ್ನದೇ ಹಂಚಿಕೆ, ಅದು ಇರುತ್ತಿದ್ದುದು ಒಬ್ಬಿಬ್ಬರ ತಲೆಯಲ್ಲಿ.

ಅಂಥ ಹಂಚಿಕೆಗಳಿಗೆ ಒಂದು ಮನೆ ಕಟ್ಟಿಕೊಟ್ಟವರು ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್. ಮ್ಯಾಗ್ನಸ್ ಡ್ಯಾಮ್ ಎಂಬವರು ಪವರ್‌ಪಿಸಿ ಚಿಪ್‌ಗಳಿಗೆ ಬರೆದಿದ್ದ 8xxರಾಮ್ ಎಂಬ ಪುಟ್ಟ ಬೂಟ್‌ಲೋಡರನ್ನು ಡೆಂಕ್ ಕೈಗೆತ್ತಿಕೊಂಡು 2000ದಲ್ಲಿ ಸೋರ್ಸ್‌ಫೋರ್ಜ್ ತಾಣಕ್ಕೆ ಹಾಕಿದರು. ಅಂಕಿಯಿಂದ ಶುರುವಾಗುವ ಹೆಸರಿಗೆ ಅಲ್ಲಿ ಅವಕಾಶವಿರಲಿಲ್ಲವಾಗಿ ಪಿಪಿಸಿಬೂಟ್ ಎಂದಾಯಿತು. ಬೇರೆ ಪ್ರೊಸೆಸರುಗಳೂ ಸೇರಿಕೊಂಡಾಗ, 2002ರ ನವೆಂಬರ್‌ನಲ್ಲಿ, ಯು-ಬೂಟ್ ಎಂದು ಹೊಸ ಹೆಸರು ಪಡೆಯಿತು. ಡೆಂಕ್ 2022ರಲ್ಲಿ ತೀರಿಕೊಂಡರು. ರೂಟರಿನಿಂದ ಹಿಡಿದು ಕಾರ್ಖಾನೆಯ ಕಂಟ್ರೋಲರಿನವರೆಗೆ ಅವರ ಕೆಲಸ ಹಬ್ಬಿರುವಷ್ಟು ಅವರ ಹೆಸರು ಹಬ್ಬಿಲ್ಲ.

ಯು-ಬೂಟ್ ತನ್ನ ಸೆಟ್ಟಿಂಗುಗಳನ್ನು ಫ್ಲ್ಯಾಶಿನ ಇನ್ನೊಂದು ಜಾಗದಲ್ಲಿ ಬರೆದಿಡುತ್ತದೆ. ಕರ್ನಲ್ ಎಲ್ಲಿದೆ, ಸೀರಿಯಲ್ ಪೋರ್ಟಿನ ವೇಗ ಎಷ್ಟು, ಎಷ್ಟು ಸೆಕೆಂಡು ಕಾಯಬೇಕು ಇತ್ಯಾದಿ. ಈ ಜಾಗಕ್ಕೆ ಎನ್ವಿರಾನ್‌ಮೆಂಟ್ ಎಂದು ಹೆಸರು. ಅದರ ಮೊದಲ 4 ಬೈಟು ಉಳಿದ ಭಾಗದ ತಾಳೆ ಲೆಕ್ಕ. ಬರೆಯುವಾಗ ಕರೆಂಟು ಹೋಗಿ ಲೆಕ್ಕ ತಪ್ಪಿದರೆ ಯು-ಬೂಟ್ ಎಚ್ಚರಿಕೆ ಕೊಟ್ಟು ಹುಟ್ಟಿನಿಂದ ಬಂದ ಸೆಟ್ಟಿಂಗಿಗೆ ಮರಳುತ್ತದೆ. ಎರಡು ಪ್ರತಿ ಇಟ್ಟು ಒಂದು ಕೆಟ್ಟರೆ ಇನ್ನೊಂದನ್ನು ಓದುವ ವ್ಯವಸ್ಥೆಯೂ ಇದೆ. ಕರೆಂಟಿನ ಭರವಸೆ ಇಲ್ಲದ ಊರಿಗೆ ಬೋರ್ಡು ಕಳಿಸುವವರು ಈ ಎರಡನೇ ಪ್ರತಿಯನ್ನು ಮರೆತರೆ ಅದು ಅಪರಾಧವೇ ಸರಿ.

ಇಷ್ಟರಲ್ಲಿ ಚಿಪ್‌ಗಳ ಸ್ವಭಾವ ಬದಲಾಗಿತ್ತು. ನಾರ್ ಫ್ಲ್ಯಾಶ್ ದುಬಾರಿ. ಅಗ್ಗದ ನ್ಯಾಂಡ್ ಫ್ಲ್ಯಾಶಿನಿಂದಲೋ ಎಸ್‌ಡಿ ಕಾರ್ಡಿನಿಂದಲೋ ನೇರವಾಗಿ ಪ್ರೋಗ್ರಾಂ ಓಡಿಸಲು ಬರುವುದಿಲ್ಲ, ಮೊದಲು ಮೆಮೊರಿಗೆ ಎಳೆದುಕೊಳ್ಳಬೇಕು. ಎದ್ದ ಗಳಿಗೆಯಲ್ಲಿ ದೊಡ್ಡ ಮೆಮೊರಿ ಇನ್ನೂ ತಯಾರಾಗಿರುವುದಿಲ್ಲ. ಚಿಪ್ಪಿನೊಳಗೇ ಇರುವ ಹತ್ತಾರು ಕೆಬಿಯ ಎಸ್‌ರ‍್ಯಾಮ್ ಮಾತ್ರ ಕೈಗೆ ಸಿಗುತ್ತದೆ. ಮಧುಗಿರಿಯ ಕೋಟೆ ಹತ್ತಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ಒಂದೇ ಹೆಬ್ಬಾಗಿಲಿನಿಂದ ನೆತ್ತಿಗೆ ಹೋಗಲಾಗದು. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಒಂದೊಂದೇ ದಾಟಬೇಕು. ಚಿಪ್ಪಿನೊಳಗೆ ಕೊರೆದ ಬೂಟ್ ರಾಮ್ ಮೊದಲ ಬಾಗಿಲು. ಅದು ಇಕ್ಕಟ್ಟಿನ ಎಸ್‌ರ‍್ಯಾಮಿನಲ್ಲಿ ಹಿಡಿಸುವಷ್ಟು ಪುಟ್ಟದಾದ ಎಸ್‌ಪಿಎಲ್ ಎಂಬ ತುಣುಕನ್ನು ಎಳೆದುಕೊಳ್ಳುತ್ತದೆ. ಎಸ್‌ಪಿಎಲ್ ದೊಡ್ಡ ಮೆಮೊರಿಯನ್ನು ಎಬ್ಬಿಸಿ ಪೂರ್ತಿ ಯು-ಬೂಟನ್ನು ತರುತ್ತದೆ. ಯು-ಬೂಟ್ ಲಿನಕ್ಸನ್ನು ತರುತ್ತದೆ. ಪ್ರತಿ ಹಂತಕ್ಕೂ ಮುಂದಿನದು ಎಲ್ಲಿದೆ ಎಂಬ ಅಂಕಿ ಗೊತ್ತಿರಬೇಕು. ಒಂದಿದ್ದ ಆಫ್‌ಸೆಟ್ ಮೂರು ನಾಲ್ಕಾಯಿತು.

ಇಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆದಾಗ ಉಪಗ್ರಹ ಡಿಶ್ಶಿನ ಸಾಮಾನು ಎತ್ತಿನ ಗಾಡಿಯಲ್ಲಿ ಬಂತೆಂಬ ಕಥೆ ಎಲ್ಲರಿಗೂ ಗೊತ್ತು. ಎಷ್ಟು ಸಲ ಹೇಳಿದ್ದಾರೆಂದರೆ ಗಾಡಿಯ ಎತ್ತುಗಳಿಗೆ ಸಿಕ್ಕ ಪ್ರಚಾರ ಅಲ್ಲಿ ದುಡಿದ ಎಂಜಿನಿಯರುಗಳಿಗೆ ಸಿಗಲಿಲ್ಲ. ಮುಂದೆ ಆ ಕಂಪನಿಯ ಓಮ್ಯಾಪ್, ಸಿತಾರಾ ಚಿಪ್‌ಗಳಿಗೆ ಲಿನಕ್ಸ್ ಮತ್ತು ಯು-ಬೂಟ್ ಅಳವಡಿಸುವ ಕೆಲಸದಲ್ಲಿ ಬೆಂಗಳೂರಿನ ತಂಡಗಳು ವರ್ಷಗಟ್ಟಲೆ ದುಡಿದವು. 2008ರ ಬೀಗಲ್‌ಬೋರ್ಡ್, 2011ರ ಬೀಗಲ್‌ಬೋನ್, 2013ರ ಬೀಗಲ್‌ಬೋನ್ ಬ್ಲ್ಯಾಕ್ ಇದೇ ಚಿಪ್‌ಗಳ ಮೇಲೆ ನಿಂತ ಬೋರ್ಡುಗಳು.

ಬೀಗಲ್‌ಬೋನಿನ ಚಿಪ್ ಎಸ್‌ಡಿ ಕಾರ್ಡಿನಲ್ಲಿ ಎರಡು ರೀತಿ ಹುಡುಕುತ್ತದೆ. ಫ್ಯಾಟ್ ವಿಭಾಗದಲ್ಲಿ ಎಂಎಲ್‌ಒ ಎಂಬ ಹೆಸರಿನ ಫೈಲ್ (ಎಸ್‌ಪಿಎಲ್ ಇರುವುದು ಇದರಲ್ಲೇ) ಇದ್ದರೆ ಅದು. ಇನ್ನೊಂದು ಹೆಸರಿಲ್ಲದ ದಾರಿ: 0, 128, 256, 384 ಕೆಬಿ ಎಂಬ ನಾಲ್ಕು ಜಾಗಗಳಲ್ಲಿ ಇಣುಕುವುದು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಒಂದೇ ಪ್ರೋಗ್ರಾಮಿನ ನಾಲ್ಕು ಪ್ರತಿಗೆ ಬಿಟ್ಟ ಜಾಗ ಇದು. ಬಳಕೆದಾರರು ಇದನ್ನು ತಮಗೆ ಬೇಕಾದಂತೆ ತಿರುಗಿಸಿಕೊಂಡರು. ಸೊನ್ನೆಯ ಜಾಗ ಕಾರ್ಡಿನ ಯಾವ ಭಾಗ ಎಲ್ಲಿದೆ ಎಂದು ಹೇಳುವ ವಿಭಾಗಪಟ್ಟಿಗೆ ಬೇಕು, ಬಿಟ್ಟರು. 128 ಕೆಬಿಯಲ್ಲಿ ಎಂಎಲ್‌ಒ, 384ರಲ್ಲಿ ಯು-ಬೂಟ್. ಚಿಪ್ ಒಪ್ಪುವ ಎಂಎಲ್‌ಒ ಗಾತ್ರದ ಮಿತಿ 109 ಕೆಬಿ. 128ಕ್ಕೆ 109 ಕೂಡಿಸಿದರೆ 237, ಹಾಗಾಗಿ 384ರ ತಂಟೆಗೆ ಹೋಗುವುದಿಲ್ಲ. ಅಪಾಯಕಾಲದ ಪ್ರತಿಗಳ ಜಾಗ ಹೀಗೆ ದಿನಬಳಕೆಯ ಸಾಮಾನಿನ ಕೋಣೆಯಾಯಿತು.

ಎಸ್‌ಡಿ ಕಾರ್ಡಿನ ಆರಂಭದಲ್ಲಿ ಖಾಲಿ ಜಾಗ ಬಂದದ್ದಾದರೂ ಹೇಗೆ? ಅದಕ್ಕೂ ಒಂದು ಹಳೇ ಚಾಳಿ ಕಾರಣ. ಹಳೆಯ ಹಾರ್ಡ್ ಡಿಸ್ಕುಗಳ ಲೆಕ್ಕದಲ್ಲಿ ಒಂದು ಟ್ರ್ಯಾಕಿಗೆ 512 ಬೈಟಿನ 63 ಸೆಕ್ಟರ್. ವಿಭಾಗಪಟ್ಟಿ ಮೊದಲ ಸೆಕ್ಟರಿನಲ್ಲಿ ಕೂತರೆ, ಮೊದಲ ವಿಭಾಗ ಮುಂದಿನ ಟ್ರ್ಯಾಕಿನಿಂದ, ಅಂದರೆ 31.5 ಕೆಬಿ ಬಿಟ್ಟು, ಶುರುವಾಗುತ್ತಿತ್ತು. ನಡುವಿನದು ಪಾಳುಭೂಮಿ. ವಿಂಡೋಸ್ ವಿಸ್ಟಾ ಬಂದಾಗ ಆ ಗೆರೆ 1 ಎಂಬಿಗೆ ಸರಿಯಿತು, ಪಾಳುಭೂಮಿ ಇನ್ನೂ ಹಿಗ್ಗಿತು. ಆರ್ಮ್ ಬೋರ್ಡುಗಳ ಬೂಟ್‌ಲೋಡರುಗಳು ಬಂದು ಮನೆ ಹಾಕಿದ್ದು ಈ ಪಾಳಿನಲ್ಲಿ.

ಚೀನಾದ ಆಲ್‌ವಿನ್ನರ್ ಕಂಪನಿ ಆರಿಸಿಕೊಂಡ ಜಾಗ 8 ಕೆಬಿ. ಭಾರತದ ವಿದ್ಯಾರ್ಥಿಗಳಿಗೆ ಈ ಅಂಕಿಯ ಪರಿಚಯವಾಗಿದ್ದು ಆಕಾಶ್ ಟ್ಯಾಬ್ಲೆಟ್ಟಿನಿಂದ. 2012ರ ನವೆಂಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬಿಡುಗಡೆ ಮಾಡಿದ ಆಕಾಶ್-2ರಲ್ಲಿ ಇದ್ದದ್ದು ಆಲ್‌ವಿನ್ನರ್ ಎ13 ಚಿಪ್. ಆ ಚಿಪ್ ಒಳಗಿನ ಫ್ಲ್ಯಾಶನ್ನು ನೋಡುವ ಮೊದಲು ಎಸ್‌ಡಿ ಕಾರ್ಡಿನ 8ನೇ ಕೆಬಿಯಲ್ಲಿ ಇಣುಕುತ್ತದೆ. ಅಲ್ಲಿ ಸರಿಯಾದ ಗುರುತಿರುವ ಪ್ರೋಗ್ರಾಂ ಸಿಕ್ಕರೆ ಅದನ್ನೇ ಓಡಿಸುತ್ತದೆ. ಐಐಟಿ ಬಾಂಬೆಯ ತಂಡ ಇದನ್ನು ಬಳಸಿಕೊಂಡು ಆಂಡ್ರಾಯ್ಡನ್ನು ಮುಟ್ಟದೆಯೇ ಕಾರ್ಡಿನಿಂದ ಏಳುವ ಗ್ನು/ಲಿನಕ್ಸನ್ನು ಸಿದ್ಧಪಡಿಸಿತು. ಸರ್ಕಾರ ಕೊಟ್ಟ ಅಗ್ಗದ ಟ್ಯಾಬ್ಲೆಟ್ಟನ್ನು ಪ್ರೋಗ್ರಾಮಿಂಗ್ ಕಲಿಯುವ ಕಂಪ್ಯೂಟರ್ ಮಾಡಿಕೊಳ್ಳಲು ದಾರಿ ಬಿಟ್ಟದ್ದು ಒಂದು ಆಫ್‌ಸೆಟ್.

ಅದೇ 8 ಕೆಬಿ ಮುಂದೆ ತಲೆನೋವೂ ಆಯಿತು. ಹೊಸ ಕಾಲದ ಜಿಪಿಟಿ ವಿಭಾಗಪಟ್ಟಿ ಡಿಸ್ಕಿನ ಮೊದಲ 34 ಸೆಕ್ಟರ್, ಅಂದರೆ 17 ಕೆಬಿಯನ್ನು ತನಗೇ ಕಾದಿರಿಸಿಕೊಳ್ಳುತ್ತದೆ. ಅದರ ನಟ್ಟನಡುವೆ ಆಲ್‌ವಿನ್ನರಿನ ಬೂಟ್‌ಲೋಡರ್. ಇಬ್ಬರೂ ಒಂದೇ ಸೈಟಿಗೆ ಖಾತೆ ಮಾಡಿಸಿಕೊಂಡರು. ಕಂಪನಿ ಮುಂದಿನ ಚಿಪ್‌ಗಳಲ್ಲಿ 128 ಕೆಬಿಯಲ್ಲೂ ಹುಡುಕುವಂತೆ ಮಾಡಿ ಜಗಳ ತಗ್ಗಿಸಿತು. ಎನ್‌ಎಕ್ಸ್‌ಪಿಯ ಐ.ಎಂಎಕ್ಸ್6 ಚಿಪ್ಪಿನ ಜಾಗ 1 ಕೆಬಿ, ಅದಕ್ಕೂ ಜಿಪಿಟಿಗೂ ಎಣ್ಣೆ ಸೀಗೆಕಾಯಿ. ಅವರ ಐ.ಎಂಎಕ್ಸ್8ಎಂನಲ್ಲಿ ಅದು 33 ಕೆಬಿಗೆ ಸರಿಯಿತು. ಅದೇ ಕುಟುಂಬದ 8ಎಂ ಪ್ಲಸ್ ಬಂದಾಗ ಎಸ್‌ಡಿ ಕಾರ್ಡಿನಲ್ಲಿ 32 ಕೆಬಿ. ಒಂದೇ ಮನೆಯ ಅಣ್ಣತಮ್ಮಂದಿರ ನಡುವೆ 1 ಕೆಬಿ ವ್ಯತ್ಯಾಸ! ಅಣ್ಣನ ಕಾರ್ಡಿಗೆ ಬೂಟ್‌ಲೋಡರ್ ಬರೆಯುವ ಆದೇಶವನ್ನು ತಮ್ಮನಿಗೆ ಹಾಕಿದರೆ ಪರದೆ ಮೇಲೆ ಒಂದಕ್ಷರವೂ ಬರುವುದಿಲ್ಲ. ರಾಕ್‌ಚಿಪ್ ಕಂಪನಿಯವರು ಮೊದಲ ತುಣುಕಿಗೆ 32 ಕೆಬಿ, ಯು-ಬೂಟಿಗೆ 8 ಎಂಬಿ ಎಂದು ಧಾರಾಳವಾಗಿ ಅಗಲ ಬಿಟ್ಟರು. ಈ ಸಾಲಿನಲ್ಲಿ ದೂರಾಲೋಚನೆ ಕಾಣುವುದು ಅವರದರಲ್ಲೇ.

ದೂರಾಲೋಚನೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಲ್‌ವಿನ್ನರ್ ಬೋರ್ಡುಗಳ 544ರ ಕಥೆ ಸಾಕು. ಅವುಗಳಲ್ಲಿ ಎಸ್‌ಪಿಎಲ್‌ಗೆ 8ರಿಂದ 40 ಕೆಬಿವರೆಗೆ ಜಾಗ, 40ರಿಂದ ಮುಂದೆ ಯು-ಬೂಟ್, 544 ಕೆಬಿಯಲ್ಲಿ ಎನ್ವಿರಾನ್‌ಮೆಂಟ್. ಯು-ಬೂಟಿಗೆ ಸಿಕ್ಕಿದ್ದು 504 ಕೆಬಿ. ಆ ಗೆರೆ ಎಳೆದಾಗ ಅದು ಧಾರಾಳವಾಗಿಯೇ ಇತ್ತು. 64 ಬಿಟ್ ಚಿಪ್‌ಗಳು ಬಂದವು, ಅವಕ್ಕೆ ಬೇಕಾದ ಭದ್ರತಾ ಫರ್ಮ್‌ವೇರ್ ಜೊತೆ ಸೇರಿತು, ಹೊಸ ಸೌಲಭ್ಯಗಳು ಒಂದೊಂದೇ ಬಂದು ಕೂತವು. 2017ರ ಹೊತ್ತಿಗೆ ಯು-ಬೂಟ್ ಉಬ್ಬಿ ಆ ಗೆರೆ ಮುಟ್ಟಿತು. ಗೆರೆ ದಾಟಿದರೆ ಆಗುವ ಅನಾಹುತ ತಕ್ಷಣ ಕಾಣುವಂಥದ್ದಲ್ಲ. ಬೋರ್ಡು ಸರಿಯಾಗಿಯೇ ಏಳುತ್ತದೆ. ಬಳಕೆದಾರ ಒಂದು ಸೆಟ್ಟಿಂಗ್ ಬದಲಿಸಿ ಉಳಿಸುತ್ತಾನೆ, ಯು-ಬೂಟ್ ಅದನ್ನು 544ರಲ್ಲಿ ಬರೆಯುತ್ತದೆ, ಆದರೆ ಅಲ್ಲಿ ಇರುವುದು ಅದರದೇ ಬಾಲ. ತನ್ನ ಬಾಲವನ್ನು ತಾನೇ ಅಳಿಸಿಕೊಂಡು ಸುಮ್ಮನಾಗುತ್ತದೆ. ಮುಂದಿನ ಸಲ ಕರೆಂಟು ಹೋಗಿ ಬಂದಾಗ ಬೋರ್ಡು ಏಳುವುದಿಲ್ಲ.

ಗೆರೆಯನ್ನು ಮುಂದಕ್ಕೆ ಸರಿಸಿದರಾಗದೇ? ಆಗದು. ಹೊರಗೆ ಲಕ್ಷಗಟ್ಟಲೆ ಬೋರ್ಡುಗಳ ಸೆಟ್ಟಿಂಗ್ ಹಳೆಯ ಜಾಗದಲ್ಲಿದೆ. ಫ್ರಾನ್ಸಿನ ಮ್ಯಾಕ್ಸಿಮ್ ರಿಪಾರ್ಡ್ 2018ರಲ್ಲಿ ಇದಕ್ಕೆ ಒಂದು ದಾಟುವ ದಾರಿ ಮಾಡಿದರು. ಎನ್ವಿರಾನ್‌ಮೆಂಟಿಗೆ ಒಂದಕ್ಕಿಂತ ಹೆಚ್ಚು ಜಾಗ ಇರಬಹುದು: ಮೊದಲು ಫ್ಯಾಟ್ ವಿಭಾಗದಲ್ಲಿ ಫೈಲಾಗಿ ಹುಡುಕು, ಇಲ್ಲದಿದ್ದರೆ ಹಳೆಯ ಜಾಗದಿಂದ ಓದು, ಉಳಿಸುವಾಗ ಹೊಸ ಜಾಗದಲ್ಲಿ ಉಳಿಸು. ಹಳೆಯವರಿಗೆ ತೊಂದರೆಯಾಗಲಿಲ್ಲ, ಹೊಸಬರಿಗೆ ಜಾಗ ಸಿಕ್ಕಿತು. ಕಾಯಿಪಲ್ಲೆ ಕೊಯ್ದಷ್ಟು ಸುಲಭವಾಗಿ ಹೇಳಿ ಮುಗಿಸುವ ಈ ಕೆಲಸ ಎಷ್ಟು ನಾಜೂಕೆಂಬುದು ಮಾಡಿದವರಿಗೇ ಗೊತ್ತು.

ಈ ಅಂಕಿಗಳು ಇರುವ ಜಾಗವೂ ಬದಲಾಗಿದೆ. ಮೊದಲು ಪ್ರತಿ ಬೋರ್ಡಿಗೂ ಒಂದು ಸಿ ಭಾಷೆಯ ಹೆಡರ್ ಫೈಲ್, ಅದರ ನಡುವೆಲ್ಲೋ ಆಫ್‌ಸೆಟ್. ಜಪಾನಿನ ಮಸಾಹಿರೊ ಯಮಾಡ 2014ರಲ್ಲಿ ಮೆನುವಿನಿಂದ ಸೆಟ್ಟಿಂಗ್ ಆರಿಸುವ ಲಿನಕ್ಸಿನ ಕೆಕಾನ್ಫಿಗ್ ಪದ್ಧತಿಯನ್ನು ಯು-ಬೂಟಿಗೆ ತಂದರು. ಸಾವಿರಾರು ಸೆಟ್ಟಿಂಗುಗಳು ಮೆನುವಿಗೆ ಬರಲು ವರ್ಷಗಳೇ ಹಿಡಿದವು. 2016ರಲ್ಲಿ ಸೈಮನ್ ಗ್ಲಾಸ್ ಬಿನ್‌ಮ್ಯಾನ್ ಎಂಬ ಉಪಕರಣ ಬರೆದರು. ಬೋರ್ಡಿಗೆ ಬರೆಯುವ ಒಟ್ಟು ಕಡತದ, ಅಂದರೆ ಇಮೇಜಿನ, ಯಾವ ತುಣುಕು ಎಲ್ಲಿ, ಎಷ್ಟು ಗಾತ್ರ ಎಂದು ಒಂದೇ ಕಡೆ ಬರೆದರೆ ಅದೇ ಜೋಡಿಸಿ ಕೊಡುತ್ತದೆ, ಒಂದರ ಮೇಲೊಂದು ಬಿದ್ದರೆ ಕಟ್ಟುವಾಗಲೇ ತಡೆಯುತ್ತದೆ. 544ರಂಥ ಮೌನದ ಅನಾಹುತ ಈಗ ಕಟ್ಟುವವನ ಮೇಜಿನ ಮೇಲೇ ಸಿಕ್ಕಿಬೀಳುತ್ತದೆ.

ಆದರೂ ಕೊನೆಯ ಹೆಜ್ಜೆ ಕೈಯಲ್ಲೇ ಇದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದು ಬೋರ್ಡು ಕೊಂಡು ತಂದವನು ಡಿಡಿ ಎಂಬ ಆದೇಶದಿಂದ ಕಾರ್ಡಿಗೆ ಬೂಟ್‌ಲೋಡರ್ ಬರೆಯುತ್ತಾನೆ. ಅದರಲ್ಲಿ ಅಳತೆಯ ಘಟಕ 1,024 ಬೈಟು ಇದ್ದು 8 ಬಿಡು ಎಂದರೆ 8 ಕೆಬಿ. ಘಟಕವನ್ನು ಹೇಳದೇ ಬಿಟ್ಟರೆ ಅದು 512 ಎಂದುಕೊಳ್ಳುತ್ತದೆ, 4 ಕೆಬಿಗೆ ಹೋಗಿ ಬೀಳುತ್ತದೆ. ಇಡೀ ಕಾರ್ಡಿಗೆ ಬರೆಯುವ ಬದಲು ಮೊದಲ ವಿಭಾಗಕ್ಕೆ ಬರೆದರೆ ಎಲ್ಲವೂ 1 ಎಂಬಿ ಆಚೆ. ಎರಡರಲ್ಲೂ ಆದೇಶ ಯಶಸ್ವಿ ಎಂದೇ ಬರುತ್ತದೆ. ಬೋರ್ಡು ಮಾತ್ರ ಸುಮ್ಮನಿರುತ್ತದೆ. ಬೀಗಲ್‌ಬೋನ್ ಆದರೆ ಸೀರಿಯಲ್ ಪೋರ್ಟಿನಲ್ಲಿ ಸಿ ಸಿ ಸಿ ಎಂದು ಒಂದೇ ಅಕ್ಷರ ಬಡಬಡಿಸುತ್ತದೆ. ಏನೂ ಸಿಗಲಿಲ್ಲ, ತಂತಿಯ ಮೂಲಕವಾದರೂ ಕಳಿಸಿ ಎಂಬ ಮೊರೆ ಅದು. ಆಲ್‌ವಿನ್ನರಿನ ಫೆಲ್, ರಾಕ್‌ಚಿಪ್ಪಿನ ಮಾಸ್ಕ್‌ರಾಮ್ ಸ್ಥಿತಿಗಳೂ ಇಂಥವೇ. ಬೂಟ್ ರಾಮ್ ಅಳಿಸಲಾಗದ್ದರಿಂದ ಇಂಥ ತಪ್ಪಿಗೆ ಸಾಮಾನ್ಯವಾಗಿ ಪರಿಹಾರ ಇರುತ್ತದೆ. ಸತ್ತಿತು ಎಂದು ಮೂಲೆಗೆಸೆದ ಎಷ್ಟೋ ಬೋರ್ಡು ಸತ್ತಿರುವುದಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ವಿಜ್ಞಾನ ಶಿಕ್ಷಕರಿಗೆ ಇದನ್ನು ಮಕ್ಕಳಿಗೆ ತೋರಿಸಲು ದುಬಾರಿ ಬೋರ್ಡೇನೂ ಬೇಡ. ಶಾಲಾ ಲ್ಯಾಬುಗಳಲ್ಲಿ ಪರಿಚಿತವಾದ ಆರ್ಡುವಿನೊ ಊನೊ ಸಾಕು. ಅದರ 32 ಕೆಬಿ ಫ್ಲ್ಯಾಶಿನ ಕೊನೆಯ 512 ಬೈಟಿನಲ್ಲಿ, ಹೆಕ್ಸ್ 7ಇ00ರಿಂದ, ಆಪ್ಟಿಬೂಟ್ ಎಂಬ ಬೂಟ್‌ಲೋಡರ್ ಕೂತಿದೆ. ಮಕ್ಕಳ ಪ್ರೋಗ್ರಾಂ ಸೊನ್ನೆಯಿಂದ ತುಂಬಿಕೊಂಡು ಬಂದರೂ ಅದನ್ನು ತುಳಿಯುವುದಿಲ್ಲ. ಪಿಡಿಪಿ-8ರ 7756ಕ್ಕೆ ಇದ್ದ ತರ್ಕವೇ ಇದಕ್ಕೂ. ಎಲ್‌ಇಡಿ ಮಿಣುಕಿಸಿ ಚಪ್ಪಾಳೆ ತಟ್ಟಿದ ಮೇಲೆ ಹತ್ತು ನಿಮಿಷ ಇದನ್ನು ಹೇಳಬಹುದು. ಎಂಟನೇ ತರಗತಿಯ ಮಕ್ಕಳಿಗೆ ಅರ್ಥವಾಗದ ವಿಷಯವೇನಲ್ಲ.

ದೊಡ್ಡವರಿಗೆ ಹೇಳಬೇಕಾದದ್ದು ಬೇರೆ ಇದೆ. ಬಲಸಮುದ್ರದ ಸುತ್ತಲ ಊರುಗಳ ರೈತರು ಸೌರ ಪಾರ್ಕಿಗೆ ನೆಲ ಕೊಟ್ಟಿರುವುದು 28 ವರ್ಷಗಳ ಗುತ್ತಿಗೆಗೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆಗೆ. ಆ 28 ವರ್ಷದಲ್ಲಿ ಪೆಟ್ಟಿಗೆಗಳ ಬೋರ್ಡುಗಳು ಒಂದೆರಡು ಸಲವಾದರೂ ಬದಲಾಗುತ್ತವೆ. ಮಾಡಿದ ಕಂಪನಿಗಳಲ್ಲಿ ಕೆಲವು ಮುಚ್ಚಿಹೋಗಬಹುದು, ಅಂಕಿ ತಲೆಯಲ್ಲಿಟ್ಟುಕೊಂಡ ಎಂಜಿನಿಯರು ಕೆಲಸ ಬಿಡಬಹುದು. ಸಾರ್ವಜನಿಕ ಹಣದಲ್ಲಿ ಇಂಥ ಉಪಕರಣ ಕೊಳ್ಳುವ ಇಲಾಖೆಗಳು, ನಿಗಮಗಳು ಟೆಂಡರಿನಲ್ಲಿ ಒಂದು ಷರತ್ತು ಸೇರಿಸಲಿ: ಯಾವ ಇಮೇಜ್ ಯಾವ ಜಾಗದಲ್ಲಿ, ಎಷ್ಟು ಗಾತ್ರದಲ್ಲಿ ಕೂರುತ್ತದೆ ಎಂಬ ಪಟ್ಟಿ ಬೋರ್ಡಿನ ಜೊತೆಗೇ ಲಿಖಿತವಾಗಿ ಬರಬೇಕು. ಯು-ಬೂಟ್ ಬಳಸಿದ್ದರೆ ಅದರ ಜಿಪಿಎಲ್ ಲೈಸೆನ್ಸಿನ ಪ್ರಕಾರ ಸೋರ್ಸ್ ಕೋಡ್ ಕೇಳುವ ಹಕ್ಕು ಕೊಂಡವರಿಗೆ ಈಗಲೇ ಇದೆ. ಅದನ್ನು ಕೇಳಿ ಪಡೆಯಬೇಕು, ಅಷ್ಟೇ.